ನಮ್ಮ ಬೆಟ್ಟಕ್ಕೆ ಎಲೆ ಉದುರುವ ಕಾಲ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ನಿನ್ನೆಯಿಂದ ಈ ವೇದಿಕೆಯಲ್ಲಿ ಶಾಲೆಯ ಹಳೆಯ ನೆನಪುಗಳನ್ನು ಬಹಳ ಜನ ಹೇಳಿದ್ದಾರೆ. ಸೋರುವ ಹಂಚು, ಕಂಬಳಿಕೊಪ್ಪೆ ಹೊದ್ದು ಹಳ್ಳ ದಾಟಿ ಬರುತ್ತಿದ್ದದ್ದು, ಮಧ್ಯಾಹ್ನದ ಬುತ್ತಿ, ಎಲ್ಲವೂ ಬಂದಿದೆ. ನಾನು ಅದನ್ನೇ ಮತ್ತೆ ಹೇಳಲು ಹೋಗುವುದಿಲ್ಲ. ಇಲ್ಲಿಂದ ಹೋದ ಮೇಲೆ ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದೆ. ಆದ್ದರಿಂದ ಸಂಘಟಕರು, "ಮಕ್ಕಳಿಗೆ ನಮ್ಮ ಬೆಟ್ಟದ ವಿಷಯ ಏನಾದರೂ ಹೇಳಿ" ಎಂದರು. ಇದು ಜನವರಿ ತಿಂಗಳು. ಈ ಮೈದಾನದ ಅಂಚಿನ ತೇಗದ ಎಲೆಗಳು ಒಂದೊಂದಾಗಿ ಬೀಳುತ್ತಿವೆ. ಹಾಗಾಗಿ ಎಲೆ ಉದುರುವ ಕಾಲದ ಬಗ್ಗೆಯೇ ಮಾತಾಡುತ್ತೇನೆ.

ಮಕ್ಕಳೇ, ಇಂಗ್ಲಿಷ್ ಪಾಠದಲ್ಲಿ 'ಆಟಮ್' ಎಂಬ ಪದ ಬಂದರೆ ಪಕ್ಕದಲ್ಲಿ ಏನು ಬರೆದುಕೊಳ್ಳುತ್ತೀರಿ? 'ಶರತ್ಕಾಲ, ಎಲೆ ಉದುರುವ ಕಾಲ' ಎಂದು. ನಾವೂ ಹಾಗೇ ಬರೆದುಕೊಂಡೆವು, ಪರೀಕ್ಷೆಯಲ್ಲಿ ಅಂಕವೂ ಸಿಕ್ಕಿತು. ಈಗ ಒಂದು ಪ್ರಶ್ನೆ. ನಮ್ಮ ಶರದೃತು ಎಂದರೆ ಆಶ್ವಯುಜ, ಕಾರ್ತಿಕ. ದಸರೆ, ದೀಪಾವಳಿಯ ಕಾಲ. ಆಗ ನಮ್ಮ ಕಾಡಿನಲ್ಲಿ ಎಲೆ ಉದುರುತ್ತದೆಯೇ? ಇಲ್ಲ. ಮಳೆ ಕುಡಿದು ಕಾಡು ವರ್ಷದಲ್ಲೇ ಅತ್ಯಂತ ದಟ್ಟವಾಗಿರುವ ಕಾಲ ಅದು. ಗದ್ದೆಯಲ್ಲಿ ಭತ್ತ ಹೊಡೆ ಬಿಚ್ಚಿರುತ್ತದೆ. ನಮ್ಮಲ್ಲಿ ಎಲೆ ಉದುರುವುದು ಮಾಗಿಯ ಚಳಿ ಇಳಿಯುತ್ತಾ ಬಂದಾಗ, ಮಾಘ ಫಾಲ್ಗುಣದಲ್ಲಿ, ಅಂದರೆ ಶಿಶಿರದಲ್ಲಿ. ಕೆಂಪು ಬಣ್ಣ ಬರುವುದು ಅದಕ್ಕೂ ಆಮೇಲೆ. ಶಬ್ದಕೋಶದ ಅರ್ಥ ಒಂದು, ನಮ್ಮ ಬೆಟ್ಟದ ಪಂಚಾಂಗ ಇನ್ನೊಂದು. ನಾನು ಇವತ್ತು ಹೇಳಬೇಕಾದ್ದು ಇದಿಷ್ಟೇ: ನಮ್ಮ ಬೆಟ್ಟವನ್ನು ಅದರದ್ದೇ ಪಂಚಾಂಗದಲ್ಲಿ ಓದುವುದನ್ನು ಕಲಿಯಬೇಕು. ಓದಲು ಬಂದರೆ ಸಂತೋಷವೂ ಇದೆ, ಬೆಟ್ಟ ಉಳಿಯುವ ದಾರಿಯೂ ಇದೆ.

ಮೊದಲು ಹೊರಗಿನದನ್ನು ನೋಡಿಬಿಡೋಣ. ಕಾಶ್ಮೀರದಲ್ಲಿ ಎಲೆ ಉದುರುವ ಋತುವಿಗೆ ಹರುದ್ ಎಂದು ಹೆಸರು. ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಅಲ್ಲಿನ ಚಿನಾರ್ ಮರಗಳು ಹಳದಿಯಾಗಿ, ಕೇಸರಿಯಾಗಿ, ಕೊನೆಗೆ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಅಲ್ಲಿ ಹಗಲು ಕಿರಿದಾಗುತ್ತದೆ, ಚಳಿ ಬರುತ್ತದೆ, ನೀರು ಹೆಪ್ಪುಗಟ್ಟುವ ದಿನಗಳು ಹತ್ತಿರವಾಗುತ್ತವೆ. ಮರ ಅದನ್ನು ಮೊದಲೇ ತಿಳಿದುಕೊಂಡು ಎಲೆಯ ಅಂಗಡಿ ಮುಚ್ಚುತ್ತದೆ. ಎಲೆಯಲ್ಲಿರುವ ಹಸಿರು, ಅಂದರೆ ಪತ್ರಹರಿತ್ತು, ಒಡೆದುಹೋಗುತ್ತದೆ. ಅದರ ಕೆಳಗೆ ಮೊದಲಿನಿಂದಲೂ ಅಡಗಿದ್ದ ಹಳದಿ ಬಣ್ಣದ ಕ್ಯಾರೊಟಿನಾಯ್ಡುಗಳು ಕಾಣಿಸಿಕೊಳ್ಳುತ್ತವೆ. ಕೆಂಪು ಬಣ್ಣದ ಆಂಥೊಸಯನಿನ್ ಮಾತ್ರ ಹೊಸದಾಗಿ ತಯಾರಾಗುತ್ತದೆ. ಹಳದಿ ಎಂದರೆ ಪರದೆ ಸರಿದಾಗ ಕಂಡದ್ದು, ಕೆಂಪು ಎಂದರೆ ಹೊಸದಾಗಿ ಬಳಿದದ್ದು. ಕಾಶ್ಮೀರದ ಜನ ಆ ಉದುರಿದ ಎಲೆಗಳನ್ನು ಗುಡಿಸಿ, ಸುಟ್ಟು ಇದ್ದಿಲು ಮಾಡಿ, ಚಳಿಗಾಲದಲ್ಲಿ ಕಾಂಗಡಿ ಎಂಬ ಬುಟ್ಟಿ ಅಗ್ಗಿಷ್ಟಿಕೆಗೆ ತುಂಬಿಕೊಳ್ಳುತ್ತಾರೆ. ಉದುರಿದ ಎಲೆ ಅವರಿಗೆ ಕಸವಲ್ಲ, ಚಳಿಗಾಲದ ಬಿಸಿ.

ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಹಾಗಾದರೆ ನಮ್ಮ ಮರ ಎಲೆ ಏಕೆ ಉದುರಿಸಬೇಕು? ನಮ್ಮ ಮರಕ್ಕೆ ಭಯ ಚಳಿಯದ್ದಲ್ಲ, ನೀರಿನದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಆಮೇಲೆ ತಿಂಗಳುಗಟ್ಟಲೆ ಇರುವುದಿಲ್ಲ. ಎಲೆ ಎಂದರೆ ನೀರು ಆವಿಯಾಗುವ ಸಾವಿರಾರು ಸಣ್ಣ ಕಿಟಕಿಗಳು. ನೆಲದಲ್ಲಿ ತೇವ ಇಳಿದ ಹಾಗೆ ಮರ ಒಂದೊಂದೇ ಕಿಟಕಿ ಮುಚ್ಚುತ್ತದೆ, ಕೊನೆಗೆ ಎಲೆಯನ್ನೇ ಕಳಚುತ್ತದೆ. ಕಳಚುವ ಮುಂಚೆ ಎಲೆಯಲ್ಲಿದ್ದ ಸಾರಜನಕ, ರಂಜಕದಂಥ ಬೆಲೆಬಾಳುವ ಅಂಶಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಕೊಂಬೆಗೆ ಎಳೆದುಕೊಳ್ಳುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆಸಿ, ಗಾಯವಾಗದ ಹಾಗೆ ಎಲೆಯನ್ನು ಬಿಟ್ಟುಕೊಡುತ್ತದೆ. ಗಾಳಿ ಬಂದು ಎಲೆಯನ್ನು ಕಿತ್ತುಕೊಂಡು ಹೋಯಿತು ಎನ್ನುತ್ತೇವೆ. ನಿಜವಾಗಿ ಮರ ಲೆಕ್ಕ ಮುಗಿಸಿ ಕಳಿಸಿಕೊಟ್ಟಿರುತ್ತದೆ.

ಇನ್ನು ನಮ್ಮ ಬೆಟ್ಟದ ಪಂಚಾಂಗ. ಅದರಲ್ಲಿ ಮೂರು ಅಧ್ಯಾಯಗಳಿವೆ.

ಮೊದಲನೆಯದು ಶರತ್ತು. ಬಣ್ಣ ಮರದಲ್ಲಿಲ್ಲ, ಹುಲ್ಲಿನಲ್ಲಿದೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ನೆತ್ತಿಯ ಮೇಲೆ ಮರಗಳಿಲ್ಲದ ಹುಲ್ಲುಗಾವಲು ಇದೆಯಲ್ಲ, ಮಳೆ ನಿಂತ ಮೇಲೆ ಅದು ಹಸಿರಿನಿಂದ ಹೊನ್ನಿನ ಬಣ್ಣಕ್ಕೆ ತಿರುಗಲು ಶುರುವಾಗುತ್ತದೆ. ಡಿಸೆಂಬರ್ ಹೊತ್ತಿಗೆ ಬೆಳಗಿನ ಬಿಸಿಲಲ್ಲಿ ಇಡೀ ಗುಡ್ಡ ಕಡವೆಯ ಮೈಯಂತೆ ಕಾಣುತ್ತದೆ. ಕಣಿವೆಗಳ ಮಡಿಲಲ್ಲಿ ಮಾತ್ರ ಶೋಲಾ ಕಾಡು ಕಡುಹಸಿರಾಗಿ ಉಳಿದಿರುತ್ತದೆ. 1,930 ಮೀಟರಿನಷ್ಟು ಎತ್ತರದ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ ಎಂದು ನೀವು ಭೂಗೋಳದಲ್ಲಿ ಓದಿದ್ದೀರಿ. ಆದರೆ ಆ ಹುಲ್ಲು ಮತ್ತು ಶೋಲಾದ ಜೋಡಿ ಎಂಥದ್ದು ಎಂದು ಓದಿಲ್ಲ. ಹುಲ್ಲು ಬೋಳು ಜಾಗವಲ್ಲ, ಹಾಳುಬಿದ್ದ ಕಾಡೂ ಅಲ್ಲ. ಅದು ತಾನೇ ಒಂದು ಪ್ರಪಂಚ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಬೆಳೆಯುವುದು ಅದೇ ಹುಲ್ಲಿನ ಇಳಿಜಾರಿನಲ್ಲಿ.

ಶರತ್ತಿನ ಇನ್ನೊಂದು ಗುರುತು ನೆಂಟರು. ಸೆಪ್ಟೆಂಬರ್‌ನಿಂದಲೇ ಹಿಮಾಲಯದ ಕಡೆಯ ಹಕ್ಕಿಗಳು ನಮ್ಮಲ್ಲಿಗೆ ಬರಲು ಶುರು ಮಾಡುತ್ತವೆ. ಹಳ್ಳದ ಬಂಡೆಯ ಮೇಲೆ ಉದ್ದ ಬಾಲ ಕುಣಿಸುತ್ತಾ ಓಡಾಡುವ ಬೂದು ಸಿಪಿಲೆ ಆ ಪೈಕಿ ಬೇಗ ಬರುವ ಒಂದು. ಆಮೇಲೆ ನವರಂಗ ಬರುತ್ತದೆ. ಹೆಸರೇ ಹೇಳುವ ಹಾಗೆ ಮೈತುಂಬ ಬಣ್ಣ. ಹಿಮಾಲಯದ ತಪ್ಪಲಿನಲ್ಲೂ ಮಧ್ಯ ಭಾರತದ ಕಾಡುಗಳಲ್ಲೂ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡೆಗೆ ಇಳಿಯುವ ಹಕ್ಕಿ ಅದು. ಬೆಳಿಗ್ಗೆ ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳಿನಲ್ಲಿ ಅದಕ್ಕೆ ಆರು ಗಂಟೆಯ ಹಕ್ಕಿ ಎಂಬ ಅರ್ಥದ ಹೆಸರೇ ಇದೆ. ಇಷ್ಟು ಬಣ್ಣದ ಹಕ್ಕಿ ಎಲ್ಲಿರುತ್ತದೆ ಗೊತ್ತೇ? ಮರದ ತುದಿಯಲ್ಲಲ್ಲ, ನೆಲದ ಮೇಲೆ. ತರಗೆಲೆಗಳನ್ನು ಕೊಕ್ಕಿನಿಂದ ಮಗುಚಿ ಅಡಿಯಲ್ಲಿರುವ ಹುಳು ತಿನ್ನುತ್ತಾ ಇರುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಅದು ಬಂದದ್ದು ನಮ್ಮ ತರಗೆಲೆಯ ಊಟಕ್ಕೆ.

ಎರಡನೆಯ ಅಧ್ಯಾಯ ಈಗ ನಡೆಯುತ್ತಿರುವುದು. ಪುಷ್ಯ ಮುಗಿದು ಮಾಘ ಫಾಲ್ಗುಣ. ಮುತ್ತೋಡಿ ಕಡೆಯ ಎಲೆಯುದುರುವ ಕಾಡಿಗೆ ಹೋಗಿ ನೋಡಿ. 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯ ಎಂದು ಶುರುವಾಗಿ, ಮುಂದೆ ಭದ್ರಾ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಕಾಡು ಅದು. ಅಲ್ಲಿ ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆ, ದಿಂಡಿಗ ಎಲ್ಲ ಇವೆ. ಒಂದೊಂದು ಮರಕ್ಕೆ ಒಂದೊಂದು ರೀತಿ. ದಿಂಡಿಗದ ಎಲೆ ಉದುರುವ ಮುಂಚೆ ತಾಮ್ರದ ಬಣ್ಣಕ್ಕೆ ಬರುತ್ತದೆ. ನೆಲ್ಲಿಯ ಸಣ್ಣ ಎಲೆಗಳು ಹಳದಿಯಾಗಿ ಪುಡಿ ಪುಡಿಯಾಗಿ ಬೀಳುತ್ತವೆ. ತೇಗದ ಎಲೆ ಮಾತ್ರ ಒಣಗಿ ಹಪ್ಪಳವಾಗಿ 'ಟಪ್' ಎಂದು ಸದ್ದು ಮಾಡಿ ಬೀಳುತ್ತದೆ. ಕೆಲವು ತೇಗದ ಎಲೆಗಳು ಬಲೆಯ ಹಾಗೆ ನರ ಮಾತ್ರ ಉಳಿದು ಬಿದ್ದಿರುವುದನ್ನು ನೋಡಿದ್ದೀರಿ. ಅದು ಒಂದು ಜಾತಿಯ ಪತಂಗದ ಹುಳು ನರ ಬಿಟ್ಟು ಉಳಿದದ್ದನ್ನು ತಿಂದಿರುವ ಗುರುತು. ತೇಗದ ಎಳೆ ಎಲೆಯನ್ನು ಅಂಗೈಯಲ್ಲಿ ತಿಕ್ಕಿ ಕೆಂಪು ಮಾಡಿಕೊಂಡು, ರಕ್ತ ಬಂತೆಂದು ಮೇಷ್ಟ್ರಿಗೆ ತೋರಿಸುವ ಆಟ ನಿಮಗೂ ಗೊತ್ತಿರಬೇಕು. ನಗುತ್ತಿದ್ದೀರಿ ಎಂದರೆ ಆ ವಿದ್ಯೆ ಇನ್ನೂ ಉಳಿದಿದೆ ಎಂದಾಯಿತು.

ಎಲೆ ಉದುರಿದಾಗ ಕಾಡು ಬರಿದಾಯಿತು ಎಂದು ಬೇಸರ ಪಡುವವರಿದ್ದಾರೆ. ನಾನು ಹೇಳುವುದು, ಕಾಡನ್ನು ನೋಡಬೇಕಾದ್ದೇ ಆಗ. ಮಳೆಗಾಲದಲ್ಲಿ ಹತ್ತು ಅಡಿ ದೂರದ ಕಾಟಿಯೂ ಕಾಣುವುದಿಲ್ಲ. ಈಗ ಪರದೆ ಸರಿದಿದೆ. ಬೋಳು ಕೊಂಬೆಯಲ್ಲಿ ಕೆಂಜಳಿಲಿನ ಗೂಡು ದೊಡ್ಡ ಬುಟ್ಟಿಯ ಹಾಗೆ ಕಾಣುತ್ತದೆ. ಮರಕುಟಿಗ ಎಲ್ಲಿ ಕುಟ್ಟುತ್ತಿದೆ ಎಂದು ಕಣ್ಣಿನಿಂದಲೇ ಹುಡುಕಬಹುದು. ಹಾರುವ ಓತಿ ಕಾಂಡದ ಮೇಲೆ ಹಳದಿ ಗಂಟಲ ಚೀಲವನ್ನು ಹೊರಚಾಚಿ ಒಳಗೆಳೆಯುವುದು ಕಾಣಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಆ ಓತಿಯ ಪರಿಚಯ ಇದೆ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೇ ಇದ್ದುಕೊಂಡು ಅವರು ಹಕ್ಕಿ, ಹುಳು, ಮೀನುಗಳ ಬಗ್ಗೆ ಬರೆದರು. ಅವರು ನೋಡಿದ ಕಾಡೂ ನಿಮ್ಮ ಕಾಡೂ ಬೇರೆ ಬೇರೆ ಅಲ್ಲ.

ಇದೇ ಕಾಲದಲ್ಲಿ ಮಂಗಟ್ಟೆ ಹಕ್ಕಿಗಳ ಸಂಸಾರ ಶುರುವಾಗುತ್ತದೆ. ಹೆಣ್ಣು ಹಳೆಯ ದೊಡ್ಡ ಮರದ ಪೊಟರೆಯೊಳಗೆ ಸೇರಿ, ಸಣ್ಣ ಸೀಳು ಮಾತ್ರ ಬಿಟ್ಟು ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಆಲ, ಬಸರಿ, ಅತ್ತಿಯ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ಗಂಡು ಬರದೆ ಹೋದರೆ ಒಳಗಿರುವವರ ಗತಿ ಕಷ್ಟ. ಪೊಟರೆಯಿರುವ ಮುದಿ ಮರವನ್ನು 'ಟೊಳ್ಳು ಮರ, ಯಾತಕ್ಕೂ ಬಾರದ್ದು' ಎಂದು ಕಡಿಯುವವರು ಒಂದು ಮನೆಯನ್ನೇ ಕಡಿಯುತ್ತಿರುತ್ತಾರೆ.

ಬೂರುಗದ ಮರವನ್ನು ಮರೆಯಬಾರದು. ಎಲೆಯೆಲ್ಲ ಕಳಚಿ, ಬೋಳು ಕೊಂಬೆಯ ತುಂಬ ಅಂಗೈ ಅಗಲದ ಕೆಂಪು ಹೂ ಹೊತ್ತು ನಿಂತಿರುತ್ತದೆ. ಅರ್ಧ ಗಂಟೆ ದೂರದಲ್ಲಿ ಕೂತು ನೋಡಿ. ಮೈನಾ, ಕಾಜಾಣ, ಸೂರಕ್ಕಿ, ಅಳಿಲು, ಮಂಗ ಎಲ್ಲ ಹಾಜರಿ ಹಾಕುತ್ತವೆ. ಮೇಲೆ ಮುಸಿಯಗಳು ಹೂ ತಿಂದು ಅರ್ಧ ಬೀಳಿಸಿದರೆ, ಕೆಳಗೆ ಜಿಂಕೆಗಳು ಅದನ್ನು ಹೆಕ್ಕುತ್ತವೆ. ಮುಸಿಯ ಎತ್ತರದಿಂದ ಕಾಣುತ್ತದೆ, ಜಿಂಕೆ ನೆಲದಿಂದ ವಾಸನೆ ಹಿಡಿಯುತ್ತದೆ. ಹುಲಿಯೋ ಚಿರತೆಯೋ ಬಂದರೆ ಮೊದಲು ಕಂಡವರು ಕೂಗುತ್ತಾರೆ, ಇಬ್ಬರೂ ಬದುಕುತ್ತಾರೆ. ಹೂ ಹೊತ್ತ ಒಂದು ಮರದ ಕೆಳಗೆ ಇಷ್ಟು ಪಾಠ ಇದೆ.

ಮೂರನೆಯ ಅಧ್ಯಾಯ ನನಗೆ ಬಹಳ ಇಷ್ಟವಾದದ್ದು. ಫಾಲ್ಗುಣದ ಕೊನೆ, ಚೈತ್ರ. ಯುಗಾದಿಯ ಆಸುಪಾಸು. ಚಿನಾರ್‌ಗೆ ಸಾಯುವಾಗ ಬರುವ ಕೆಂಪು ನಮ್ಮ ಮರಗಳಿಗೆ ಹುಟ್ಟುವಾಗ ಬರುತ್ತದೆ. ಸಾಗಡೆ ಮರ ಚಿಗುರಿದರೆ ದೂರದಿಂದ ಹೂ ಬಿಟ್ಟಿದೆ ಎಂದೇ ಅನ್ನಿಸುವಷ್ಟು ಕೆಂಪು. ನಾಗಸಂಪಿಗೆಯ ಚಿಗುರು ಗುಲಾಬಿ ಕೆಂಪಾಗಿ, ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತದೆ. ಮಾವಿನದು ತಾಮ್ರದ ಬಣ್ಣ. ಅರಳಿಯದು ನಸುಗೆಂಪು, ಬೆಳಕು ಹಿಡಿದರೆ ಆರಪಾರ ಕಾಣುತ್ತದೆ. ಹೊಂಗೆ ಮಾತ್ರ ಒಮ್ಮೆಲೇ ಎಳೆಹಸಿರು ಸುರಿಸಿಕೊಂಡು ಹೊಳೆಯುತ್ತದೆ. ಪರದೇಶದವರು ಎಲೆಯ ಬಣ್ಣ ನೋಡಲು ಶರತ್ತಿನಲ್ಲಿ ಪ್ರವಾಸ ಹೋಗುತ್ತಾರಂತೆ. ನಮಗೆ ಅದೇ ಬಣ್ಣ ಯುಗಾದಿಯಲ್ಲಿ, ಮನೆಯ ಹಿತ್ತಲಿನಲ್ಲೇ ಇದೆ.

ಚಿಗುರು ಏಕೆ ಕೆಂಪು? ಎಳೆಯ ಎಲೆಗೆ ಕಡು ಬಿಸಿಲು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ, ಆ ಕೆಂಪು ಬಣ್ಣ ಅದಕ್ಕೆ ಕೊಡೆ ಎಂಬುದು ಒಂದು ವಿವರಣೆ. ಹುಳುಗಳಿಗೆ ಕೆಂಪು ಚಿಗುರು ಅಷ್ಟಾಗಿ ರುಚಿಸುವುದಿಲ್ಲ ಎಂಬುದು ಇನ್ನೊಂದು. ಇದಕ್ಕಿಂತ ದೊಡ್ಡ ಆಶ್ಚರ್ಯ ಬೇರೆ ಇದೆ. ಮಳೆ ಬರುವುದು ಜೂನ್‌ನಲ್ಲಿ. ನೆಲ ಒಣಗಿ ಬಿರುಕುಬಿಟ್ಟಿರುವ ಮಾರ್ಚ್, ಏಪ್ರಿಲ್‌ನಲ್ಲಿ ಮರ ಚಿಗುರುವುದು ಹೇಗೆ? ಎಲೆ ಕಳಚಿದ ಮೇಲೆ ನೀರಿನ ಖರ್ಚು ನಿಂತಿರುತ್ತದೆ. ಆಳದ ಬೇರು ಸ್ವಲ್ಪ ಸ್ವಲ್ಪವೇ ನೀರೆತ್ತಿ ಕಾಂಡದಲ್ಲಿ ಕೂಡಿಡುತ್ತದೆ. ಆ ಉಳಿತಾಯದಿಂದ ಚಿಗುರು ಬರುತ್ತದೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅವರು ಮುದುಮಲೈ ಕಾಡಿನಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯಲ್ಲೇ ಬೇಗ ಚಿಗುರಿದ ಮರಗಳಿಗೆ ಹುಳುಗಳ ಕಾಟ ಕಡಿಮೆ, ಮಳೆ ಬಂದ ಮೇಲೆ ಚಿಗುರಿದವಕ್ಕೆ ಹೆಚ್ಚು ಎಂದು ಕಂಡಿತು. ಮಳೆ ಬಂದು ಹುಳುಗಳ ಸೈನ್ಯ ಏಳುವಷ್ಟರಲ್ಲಿ ಬೇಗ ಚಿಗುರಿದ ಮರದ ಎಲೆ ಬಲಿತಿರುತ್ತದೆ. ಇದು ನಮ್ಮ ಕಡೆಯದೇ ಕಾಡಿನ ವಿದ್ಯೆ, ನಮ್ಮ ದೇಶದ ವಿಜ್ಞಾನಿಗಳೇ ಕಾಡಿನಲ್ಲಿ ನಿಂತು ಎಣಿಸಿ ತಿಳಿದದ್ದು.

ಎಲೆ ಉದುರಿತು, ಚಿಗುರಿತು, ಸರಿ. ಉದುರಿದ ಎಲೆ ಏನಾಯಿತು? ನಮ್ಮ ಮನೆಗಳಲ್ಲಿ ಅದನ್ನು ದರಗು ಎನ್ನುತ್ತೇವೆ. ಹಿಂದೆ ಈ ಶಾಲೆಯ ಎಷ್ಟೋ ಮಕ್ಕಳು ಬೆಳಿಗ್ಗೆ ಒಂದು ಜಲ್ಲೆ ದರಗು ಗುಡಿಸಿ ತಂದು ಕೊಟ್ಟಿಗೆಗೆ ಹಾಕಿ, ಆಮೇಲೆ ಶಾಲೆಗೆ ಬರುತ್ತಿದ್ದರು. ದನದ ಕಾಲಡಿ ಹಾಸಿದ್ದು ಗೊಬ್ಬರವಾಯಿತು, ಗೊಬ್ಬರ ತೋಟಕ್ಕೆ ಹೋಯಿತು, ಅಡಿಕೆಯಾಯಿತು, ಆ ಅಡಿಕೆಯಿಂದ ನಮ್ಮ ಫೀಸು, ಪುಸ್ತಕ. ನಾವು ಓದಿದ್ದು ದರಗಿನ ದುಡ್ಡಿನಲ್ಲಿ ಎಂದರೂ ತಪ್ಪಲ್ಲ. ಕಾಡಿನಲ್ಲಿ ಅದೇ ಕೆಲಸವನ್ನು ಗೆದ್ದಲು, ಎರೆಹುಳ, ಅಣಬೆ ಮಾಡುತ್ತವೆ. ದರಗಿನ ಹಾಸಿಗೆಯ ಮೇಲೆ ಮಳೆ ಬಿದ್ದರೆ ನೀರು ಓಡುವುದಿಲ್ಲ, ಇಂಗುತ್ತದೆ. ವೇದಾವತಿ ನದಿ ಹುಟ್ಟುವುದು ಇದೇ ಗಿರಿಶ್ರೇಣಿಯಲ್ಲಿ. ಅದು ಹರಿದು ಹೋಗಿ ಹಿರಿಯೂರಿನ ಹತ್ತಿರ ಮಾರಿಕಣಿವೆಯ ವಾಣಿವಿಲಾಸ ಸಾಗರವನ್ನು ತುಂಬಬೇಕು. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಎಲೆಯೇ ಕಾಣದ ಬಯಲುಸೀಮೆಯ ಜನ ನಮ್ಮ ಬೆಟ್ಟದ ಕಡೆ ಮುಖ ಮಾಡಿಕೊಂಡು ಕಾಯುತ್ತಾರೆ. ಇಲ್ಲಿನ ದರಗು ಅಲ್ಲಿನ ಜನರ ನೀರಿಗೂ ಸಂಬಂಧಪಟ್ಟದ್ದು.

ದರಗಿನಲ್ಲಿ ಇನ್ನೂ ಅನೇಕರು ಇದ್ದಾರೆ. ಎಲೆಚಿಟ್ಟೆ ರೆಕ್ಕೆ ಮಡಿಚಿ ಕೂತರೆ ಒಣಗಿದ ಎಲೆಯೇ, ನಡುನರ ಕೂಡ ಬರೆದಿಟ್ಟ ಹಾಗೆ. ಮುಸ್ಸಂಜೆ ಹಾರುವ ಕಂದು ಚಿಟ್ಟೆಯೊಂದು ಇನ್ನೂ ಜಾಣ. ಮಳೆಗಾಲದಲ್ಲಿ ಹುಟ್ಟಿದವಕ್ಕೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಚುಕ್ಕೆಗಳಿರುತ್ತವೆ. ಎಲೆ ಉದುರುವ ಕಾಲದಲ್ಲಿ ಹುಟ್ಟಿದವಕ್ಕೆ ಆ ಚುಕ್ಕೆಗಳು ಅಳಿಸಿದಂತಾಗಿ, ಮೈ ತರಗೆಲೆಯ ಬಣ್ಣವಾಗಿರುತ್ತದೆ. ಒಂದೇ ಚಿಟ್ಟೆ, ಋತುವಿಗೆ ತಕ್ಕ ಅಂಗಿ. ನತ್ತಿಂಗ ಎಂಬ ಇರುಳ ಹಕ್ಕಿ ಗೂಡನ್ನೇ ಕಟ್ಟುವುದಿಲ್ಲ, ದರಗಿನ ಮೇಲೆ ಮೊಟ್ಟೆಯಿಟ್ಟು ಕಾವು ಕೂರುತ್ತದೆ. ನೀವು ತುಳಿಯುವಷ್ಟು ಹತ್ತಿರ ಹೋಗುವವರೆಗೂ ಅಲ್ಲಾಡುವುದಿಲ್ಲ. ಕಾಡುಕೋಳಿ ಮೊಟ್ಟೆಯಿಡುವುದೂ ನೆಲದಲ್ಲೇ, ಅದೂ ಬೇಸಿಗೆಯಲ್ಲೇ.

ಈಗ ನಾನು ಮುಖ್ಯವಾಗಿ ಹೇಳಲು ಬಂದ ಮಾತಿಗೆ ಬರುತ್ತೇನೆ. ಹಿರಿಯರೂ ದಯವಿಟ್ಟು ಕೇಳಿಸಿಕೊಳ್ಳಬೇಕು. ಇನ್ನು ಮೂರು ನಾಲ್ಕು ವಾರದಲ್ಲಿ ಬೆಟ್ಟದಲ್ಲಿ ಹೊಗೆ ಕಾಣಿಸುತ್ತದೆ. ಪ್ರತಿ ವರ್ಷ ಕಾಣುತ್ತೇವೆ, 'ಕಾಡಿಗೆ ಬೆಂಕಿ ಬಿತ್ತು' ಎನ್ನುತ್ತೇವೆ. ಬೆಂಕಿ ತಾನಾಗಿ ಬೀಳುವುದು ನಮ್ಮ ಕಾಡಿನಲ್ಲಿ ಬಹಳ ಅಪರೂಪ. ಯಾರೋ ಇಡುತ್ತಾರೆ. ಎಳೆ ಹುಲ್ಲು ಬರಲಿ ಎಂದು, ದಾರಿ ಸಲೀಸಾಗಲಿ ಎಂದು, ಯಾರದೋ ಮೇಲಿನ ಸಿಟ್ಟಿಗೆ, ಅಥವಾ ಬೀಡಿ ಸೇದಿ ಎಸೆದು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ದೊಡ್ಡ ಮರ ಬೆಂಕಿ ತಡೆದುಕೊಳ್ಳುತ್ತದೆ. ಮುಂದಿನ ವರ್ಷ ಚಿಗುರುತ್ತದೆ. ಅದನ್ನು ನೋಡಿ ನಾವು 'ಏನೂ ಆಗಿಲ್ಲ' ಎನ್ನುತ್ತೇವೆ. ಸತ್ತವರು ಯಾರೆಂದರೆ ನತ್ತಿಂಗದ ಮರಿ, ಕಾಡುಕೋಳಿಯ ಮೊಟ್ಟೆ, ಎರಡು ವರ್ಷದ ಬೀಟೆ ಸಸಿ, ನವರಂಗದ ಊಟ. ಶವ ಕಾಣದ ಸಾವು ಇದು. ಮುಂದೆ ಮೊದಲ ಮಳೆಗೆ ಕರಕಲು ಮಣ್ಣು ಹಳ್ಳಕ್ಕೆ ಇಳಿಯುತ್ತದೆ. ಎತ್ತರದಲ್ಲಿ ಹುಲ್ಲಿನ ಬೆಂಕಿ ವರ್ಷ ವರ್ಷವೂ ಶೋಲಾದ ಅಂಚನ್ನು ನೆಕ್ಕುತ್ತಾ ಹೋದರೆ ಕಾಡು ಕುಗ್ಗುತ್ತಾ ಬರುತ್ತದೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಸೇರಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ 'ತರಗು ಬೆಂಕಿ' ಎಂದು ಇಡುತ್ತಿದ್ದರು. ಬೇಸಿಗೆ ಬಲಿಯುವ ಮುಂಚೆ, ಎಲೆಯಲ್ಲಿ ಇನ್ನೂ ತೇವ ಇರುವಾಗ ಇಡುತ್ತಿದ್ದ ನೆಲಮಟ್ಟದ ಸಣ್ಣ ಬೆಂಕಿ ಅದು. ಅದು ನಿಂತ ಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಹೆಚ್ಚಾಯಿತು ಎಂದು ಅವರು ಹೇಳುತ್ತಾರೆ. ಅವರ ಮಾತಿನಲ್ಲಿ ತೂಕ ಇದೆ ಎನ್ನುವ ವಿಜ್ಞಾನಿಗಳಿದ್ದಾರೆ. ಆದರೆ ಗಮನಿಸಿ, ಅವರ ಬೆಂಕಿಗೂ ಒಂದು ಪಂಚಾಂಗ ಇತ್ತು. ಯಾವ ತಿಂಗಳು, ಯಾವ ಜಾಗ, ಎಷ್ಟು ಎತ್ತರದ ಜ್ವಾಲೆ ಎಂಬ ಲೆಕ್ಕ ಇತ್ತು. ಮಾರ್ಚ್ ಮಧ್ಯಾಹ್ನದ ಗಾಳಿಯಲ್ಲಿ ಕಡ್ಡಿ ಗೀರಿ ಎಸೆದು ಹೋಗುವವನ ಬಳಿ ಯಾವ ಲೆಕ್ಕವೂ ಇಲ್ಲ. ಪಂಚಾಂಗ ಮರೆತವರ ಕೈಯಲ್ಲಿ ಬೆಂಕಿಪೊಟ್ಟಣ ಇರುವುದೇ ಇವತ್ತಿನ ತೊಂದರೆ.

ಆ ಬೆಂಕಿ ಆರಿಸುವವರು ಯಾರು? ಬೆಂಕಿ ಕಾವಲುಗಾರರು, ಅರಣ್ಯ ಇಲಾಖೆಯ ವಾಚರ್‌ಗಳು. ಹಲವರು ನಮ್ಮೂರಿನವರೇ, ಇದೇ ಶಾಲೆಯಲ್ಲಿ ಓದಿದವರು. ಹಸಿ ಸೊಪ್ಪಿನ ಕೊಂಬೆ ಹಿಡಿದು ಕಡಿದಾದ ಇಳಿಜಾರಿನಲ್ಲಿ ಬೆಂಕಿಯನ್ನು ಬಡಿದು ಬಡಿದು ಆರಿಸುತ್ತಾರೆ. ಈ ಸಭೆಯಲ್ಲೂ ಅಂಥವರು ಇದ್ದಾರೆ. ಅವರಿಗೊಂದು ಚಪ್ಪಾಳೆ ತಟ್ಟೋಣ.

(ಚಪ್ಪಾಳೆ)

ಮಕ್ಕಳೇ, ನೀವು ಏನು ಮಾಡಬಹುದು? ಬೆಂಕಿ ಆರಿಸಲು ಹೋಗಬೇಡಿ, ಅದು ದೊಡ್ಡವರ ಕೆಲಸ. ಹೊಗೆ ಕಂಡರೆ ಓಡಿಹೋಗಿ ದೊಡ್ಡವರಿಗೆ ತಿಳಿಸಿ. ಎರಡನೆಯದು, ನೋಡಲು ಕಲಿಯಿರಿ. ಈಗ ರಜೆ ಬಂದರೆ ಗಿರಿಯ ಮೇಲೆ ಕಾರುಗಳ ಸಾಲು. ಹಾಡು ಹಾಕಿಕೊಂಡು ಬರುತ್ತಾರೆ, ಮಂಜಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ, ಕುರುಕಲಿನ ಪೊಟ್ಟಣ ಎಸೆದು ಹೋಗುತ್ತಾರೆ. 'ಕಾಡಿನಲ್ಲಿ ಏನೂ ಕಾಣಲಿಲ್ಲ' ಎಂದೂ ಹೇಳುತ್ತಾರೆ. ಕಾಡು ಅವರನ್ನು ನೋಡಿತ್ತು, ಅವರಿಗೆ ಕಾಡು ಕಾಣಲಿಲ್ಲ. ನೀವು ದೊಡ್ಡವರ ಜೊತೆ, ಹೋಗಲು ಅನುಮತಿ ಇರುವ ಜಾಗಕ್ಕೆ ಮಾತ್ರ ಹೋಗಿ. ಬೆಳಗಿನ ಹೊತ್ತು ಒಂದು ಕಡೆ ಸದ್ದಿಲ್ಲದೆ ಅರ್ಧ ಗಂಟೆ ಕೂತುಕೊಳ್ಳಿ. ದರಗಿನ ಸದ್ದು ಕೇಳಿ. ಹಿಂಡು ಕಟ್ಟಿಕೊಂಡು ಗಲಾಟೆ ಮಾಡುತ್ತಾ ಎಲೆ ಮಗುಚುವವರು ಹರಟೆಮಲ್ಲ ಹಕ್ಕಿಗಳು. ಪುಸಕ್ಕನೆ ಓಡಿ ನಿಂತರೆ ಹಾವುರಾಣಿ. ಭಾರವಾಗಿ, ಬಿಟ್ಟು ಬಿಟ್ಟು ಸದ್ದು ಬಂದರೆ ಎದ್ದು ಮೆಲ್ಲಗೆ ಮನೆ ಕಡೆ ನಡೆಯಿರಿ, ಅದು ಕಾಟಿಯೋ ಆನೆಯೋ ಇರಬಹುದು. ಕಾಡಿನಲ್ಲಿ ಧೈರ್ಯಕ್ಕಿಂತ ಮರ್ಯಾದೆ ದೊಡ್ಡದು.

ಮೂರನೆಯದು ಒಂದು ಸಣ್ಣ ಬೇಡಿಕೆ, ಇದು ಶಿಕ್ಷಕರಿಗೂ ಸೇರಿ. ಜಪಾನಿನ ಕ್ಯೋಟೊ ನಗರದಲ್ಲಿ ಚೆರ್ರಿ ಹೂ ಪ್ರತಿ ವರ್ಷ ಯಾವ ದಿನ ಅರಳಿತು ಎಂಬ ದಾಖಲೆ 9ನೇ ಶತಮಾನದಿಂದ ಸಿಗುತ್ತದೆ. ಅದನ್ನು ಬರೆದವರು ವಿಜ್ಞಾನಿಗಳಲ್ಲ, ದಿನಚರಿ ಬರೆಯುತ್ತಿದ್ದವರು. ಭೂಮಿ ಬಿಸಿಯಾಗುತ್ತಾ ಹೂ ಅರಳುವ ದಿನ ಹಿಂದೆ ಸರಿದಿದೆ ಎಂದು ಇವತ್ತು ಹೇಳಲು ಆ ದಿನಚರಿಗಳೇ ಸಾಕ್ಷಿ. ನಮ್ಮ ದೇಶದಲ್ಲೂ ಸೀಸನ್‌ವಾಚ್ ಎಂಬ ಕಾರ್ಯಕ್ರಮ ಇದೆ. ಮಕ್ಕಳು ಒಂದು ಮರವನ್ನು ಆರಿಸಿಕೊಂಡು ಅದರ ಎಲೆ, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ಬರೆದಿಡುತ್ತಾರೆ. ಪಕ್ಕದ ಕೇರಳದಲ್ಲಿ ಬಹಳ ಶಾಲೆಗಳು ಅದರಲ್ಲಿ ಸೇರಿವೆ. ನಮ್ಮ ಶಾಲೆಯ ಕಾಂಪೌಂಡಿನಲ್ಲೇ ತೇಗ, ಮಾವು, ಹೊಂಗೆ ಇವೆ. ತರಗತಿಗೆ ಒಂದು ಮರ, ಒಂದು ನೋಟ್‌ಬುಕ್ ಸಾಕು. ಮೊದಲ ಎಲೆ ಉದುರಿದ್ದು ಎಂದು, ಪೂರ್ತಿ ಬೋಳಾದದ್ದು ಎಂದು, ಮೊದಲ ಚಿಗುರು ಎಂದು, ಅಷ್ಟೇ ಬರೆದರಾಯಿತು. ಎಸ್‌ಎಸ್‌ಎಲ್‌ಸಿ ಮುಗಿಸಿ ಹೋಗುವವರು ಆ ನೋಟ್‌ಬುಕ್ಕನ್ನು ಒಂಬತ್ತನೆಯವರ ಕೈಗೆ ಕೊಟ್ಟು ಹೋಗಲಿ. ಶಾಲೆಗೆ ನೂರು ವರ್ಷ ತುಂಬುವ ದಿನ ಇಲ್ಲಿ ಮಾತಾಡುವವರ ಕೈಯಲ್ಲಿ ಐವತ್ತು ವರ್ಷದ ಲೆಕ್ಕ ಇರುತ್ತದೆ. ನನ್ನ ಕೈಯಲ್ಲಿ ಇವತ್ತು ಅದು ಇಲ್ಲ. ನಮ್ಮ ಕಾಲದಲ್ಲಿ ಯಾರೂ ಬರೆದಿಡಲಿಲ್ಲ. ಅಜ್ಜಿಯರು ಬಾಯಲ್ಲಿ ಹೇಳುತ್ತಿದ್ದರು, ಅವರ ಜೊತೆಗೇ ಹೋಯಿತು.

ನಿಮ್ಮಲ್ಲಿ ಬಹಳ ಜನ ಓದು ಮುಗಿಸಿ ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗುತ್ತೀರಿ. ಹೋಗಿ, ಚೆನ್ನಾಗಿ ದುಡಿಯಿರಿ. ಊರಲ್ಲೇ ಉಳಿಯಿರಿ ಎಂದು ನಾನು ಹೇಳುವುದಿಲ್ಲ. ಹೋಗುವ ಮುಂಚೆ ಈ ಬೆಟ್ಟದ ಹತ್ತು ಮರ, ಹತ್ತು ಹಕ್ಕಿಯ ಹೆಸರನ್ನು ಕನ್ನಡದಲ್ಲಿ ಕಲಿತುಕೊಂಡು ಹೋಗಿ. ಹೆಸರು ಗೊತ್ತಿಲ್ಲದವರು ಸತ್ತರೆ ನಮಗೆ ಸುದ್ದಿ. ಹೆಸರು ಗೊತ್ತಿದ್ದವರಾದರೆ ದುಃಖ. ಬೆಟ್ಟವನ್ನು ಕಾಯುವುದಕ್ಕೆ ಮೊದಲು ಬೇಕಾದದ್ದು ಆ ಪರಿಚಯ. ಕಾನೂನು, ಕಾವಲು ಎಲ್ಲ ಆಮೇಲೆ.

ಮಾರ್ಚ್ ತಿಂಗಳಲ್ಲಿ ನಿಮಗೆ ಪರೀಕ್ಷೆ. ಓದಿ ಕಣ್ಣು ದಣಿದಾಗ ಕಿಟಕಿಯಿಂದ ಹೊರಗೆ ನೋಡಿ. ಮಾವಿನ ಮರ ತಾಮ್ರದ ಬಣ್ಣದ ಚಿಗುರು ಬಿಟ್ಟಿರುತ್ತದೆ. ಅದೂ ಒಂದು ಪರೀಕ್ಷೆ ಬರೆಯುತ್ತಿದೆ ಎಂದುಕೊಳ್ಳಿ.